ಬರ್ಫದ ಅಂಗಳದಲ್ಲಿ ‘ರೀ’

ಚಿಂಚವಾಡ, ಹೊರಡುವ ಮೊದಲು

ನಮ್ಮ ಮನೆಯಲ್ಲಿ ಕೆನಡಾ ಮೂರಿವೆ. ನನ್ನದೊಂದು, ಹೆಂಡತಿ ಸುನಂದಾಳದೊಂದು, ಮಗಳು ಪಲ್ಲವಿಯದೊಂದು. ಮೂವರೂ ಒಂದೇ ವಿಮಾನದಲ್ಲಿ ಹೋಗಿ, ಒಂದೇ ಬಾಡಿಗೆ ಮನೆಯಲ್ಲಿ ಒಂದು ಚಳಿಗಾಲ ಕಳೆದು, ಒಂದೇ ವಿಮಾನದಲ್ಲಿ ಮರಳಿದವರು. ಆದರೂ ಊಟಕ್ಕೆ ಕೂತಾಗ ಮಾತು ಆ ಕಡೆ ಹೊರಳಿತೆಂದರೆ ತಟ್ಟೆಗಳ ನಡುವೆ ಮೂರು ಬೇರೆ ಬೇರೆ ದೇಶಗಳು ಬಂದು ಕೂಡುತ್ತವೆ. ಸುನಂದಾಳ ಕೆನಡಾದಲ್ಲಿ ಒಂದು ದಿನವೂ ಬಿಸಿಲು ಬಿದ್ದಿಲ್ಲ. ಪಲ್ಲವಿಯದರಲ್ಲಿ ಬಿಸಿಲಿಲ್ಲದ ದಿನವೇ ಇಲ್ಲ. ನನ್ನದರಲ್ಲಿ ಕಾರು ನಿಲ್ಲಿಸುವ ಜಾಗಗಳೇ ಹೆಚ್ಚು, ಯಾಕೆಂದರೆ ಇಂಜಿನ್ ಚಾಲೂ ಇಟ್ಟುಕೊಂಡು ಕಾಯುವ ಕೆಲಸ ನನ್ನ ಪಾಲಿಗೆ ಬಂದಿತ್ತು.

ಹೀಗಾಗಿ ಇಲ್ಲಿ ಬರೆಯುವುದನ್ನು ಪೂರ್ತಿ ನಂಬಬೇಡಿ. ನಾನೂ ನಂಬುವುದಿಲ್ಲ. ಅನುಮಾನ ಬಂದಲ್ಲಿ ಅವರಿಬ್ಬರ ಮಾತನ್ನೂ ಸೇರಿಸುತ್ತ ಹೋಗುತ್ತೇನೆ.

ನಾನು ಪುಣೆಯ ಹತ್ತಿರ ಚಾಕಣದ ಒಂದು ಕಾರ್ಖಾನೆಯಲ್ಲಿ ಅಚ್ಚುಗಳ ವಿಭಾಗದವನು. ಕಾರಿನ ದೀಪದ ಸುತ್ತ ಕೂಡುವ ಪ್ಲಾಸ್ಟಿಕ್ ಭಾಗಗಳು ನಮ್ಮಲ್ಲಿ ತಯಾರಾಗುತ್ತವೆ. ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ವರ್ಷ ನಮ್ಮಲ್ಲಿಗೆ ಹೊಸ ಯಂತ್ರ ಬರುವುದಿತ್ತು. ಅದನ್ನು ನಡೆಸುವುದನ್ನು ಕಲಿತು ಬಾ ಎಂದು ಕೆನಡಾದ ಒಂದು ಸಣ್ಣ ಊರಿನ ಕಾರ್ಖಾನೆಗೆ ಕಳಿಸಿದರು. ಸಂಸಾರ ಕರೆದೊಯ್ಯಬಹುದು ಎಂದರು. ನನ್ನ ಸಹೋದ್ಯೋಗಿಗಳಿಗೆ ಇದು ಬಹಳ ದೊಡ್ಡ ಸಂಗತಿಯಾಗಿ ಕಂಡಿತು. ಸುನಂದಾಳಿಗೆ ಮಾತ್ರ ಅಲ್ಲಿ ಒಗೆದ ಅರಿವೆ ಎಲ್ಲಿ ಒಣ ಹಾಕುವುದು ಎಂಬುದೇ ಚಿಂತೆ.

ಪಲ್ಲವಿಗೆ ಆಗ ಹನ್ನೆರಡು. ಆರು ವರ್ಷದವಳಿದ್ದಾಗಿನಿಂದ ನಮ್ಮ ಕಾಲನಿಯ ಹತ್ತಿರದ ಸ್ಕೇಟಿಂಗ್ ಅಂಗಳದಲ್ಲಿ ಗಾಲಿಬೂಟು ಹಾಕಿಕೊಂಡು ಸುತ್ತಿದವಳು. ಮೊಣಕಾಲಿನ ಚರ್ಮ ಎಷ್ಟು ಸಲ ಹೋಗಿ ಎಷ್ಟು ಸಲ ಬಂದಿದೆಯೋ. ಅಲ್ಲಿ ಹುಡುಗಿಯರ ಬ್ಯಾಚು ಮಧ್ಯಾಹ್ನದ ಬಿಸಿಲಿಗೆ, ಸಿಮೆಂಟು ಕಾದ ಹಂಚಾಗಿರುವ ಹೊತ್ತಿಗೆ. ಸಂಜೆಯ ತಂಪು ಹುಡುಗರಿಗೆ. ಅಂಗಳದಲ್ಲಿ ಯಾರದಾದರೂ ಸತ್ಕಾರ ಸಮಾರಂಭದ ಮಂಟಪ ಬಿದ್ದರೆ ಮೊದಲು ರದ್ದಾಗುವುದು ಹುಡುಗಿಯರ ಬ್ಯಾಚು. ಇದನ್ನು ನಾನು ಆಗಲೇ ಗಮನಿಸಿದ್ದೆ ಎಂದು ಬರೆದರೆ ಸುಳ್ಳಾಗುತ್ತದೆ. ಗಮನಿಸಿದ್ದು ಕೆನಡಾದಿಂದ ಬಂದ ಮೇಲೆ. ನೆನಪು ಹಿಂದಕ್ಕೆ ಹೋಗಿ ಆ ಬಿಸಿಲನ್ನು ಅಲ್ಲಿ ಹಚ್ಚಿ ಬಂದಿದೆ.

ಸಾಮಾನು ಕಟ್ಟುವಾಗ ಸುನಂದಾ ಕಡಕ್ ರೊಟ್ಟಿ, ಶೇಂಗಾ ಚಟ್ನಿಯ ಜೊತೆ ಸಣ್ಣದೊಂದು ಬೆಳ್ಳಿಯ ಕುಂಕುಮದ ಭರಣಿಯನ್ನೂ ತುರುಕಿದಳು.

“ಅದ್ಯಾಕ ಅಲ್ಲಿ?” ಅಂದೆ.

“ಯಾಕ್ರೀ, ಅಲ್ಲೇನು ನನಗ ಹಣಿ ಇರೂದಿಲ್ಲೇನು?”

ಸರೋವರದ ದಂಡೆ

ಆ ಊರಿನ ಹೆಸರು ಬರೆಯುವುದಿಲ್ಲ. ನಾವು ಮೂವರೂ ಅದನ್ನು ಮೂರು ರೀತಿ ಉಚ್ಚರಿಸುತ್ತೇವೆ, ಊರಿನವರು ನಾಲ್ಕನೆಯ ರೀತಿ. ಒಂದು ದೊಡ್ಡ ಸರೋವರ, ಆಚೆ ದಂಡೆ ಕಾಣದಷ್ಟು ದೊಡ್ಡದು. ಒಂದೇ ಒಂದು ಪೇಟೆಬೀದಿ. ಊರ ತುದಿಯಲ್ಲಿ ನಮ್ಮ ಕಾರ್ಖಾನೆ, ಇನ್ನೊಂದು ತುದಿಯಲ್ಲಿ ತಗಡಿನ ಗೋದಾಮಿನಂಥ ಕಟ್ಟಡ. ಪುಣೆಯ ಗುಲ್ಟೇಕಡಿ ಮಾರ್ಕೆಟ್ ಯಾರ್ಡಿನಲ್ಲಿ ಉಳ್ಳಾಗಡ್ಡಿ ಇಳಿಸುವ ಶೆಡ್ಡು ನೋಡಿದವರಿಗೆ ಅದರ ಅಂದಾಜು ಸಿಗುತ್ತದೆ. ಒಳಗೆ ಮಾತ್ರ ಉಳ್ಳಾಗಡ್ಡಿಯ ಬದಲು ಬರ್ಫ, ಗಟ್ಟಿ ಮಂಜುಗಡ್ಡೆ. ಊರಿನ ಮಕ್ಕಳೆಲ್ಲ ‘ಐಸ್ ಹಾಕಿ’ ಎಂಬ ಆಟ ಆಡುವ ಅಂಗಳ ಅದು.

ಅಲ್ಲಿಯ ಜನಕ್ಕೆ ಒಂದು ಚಟವಿದೆ, ಬಾಗಿಲು ಹಿಡಿದು ನಿಲ್ಲುವುದು. ಪುಣೆಯಲ್ಲಿ ಬಾಗಿಲು ನಿಮ್ಮ ಮೂಗಿಗೆ ಬಡಿದರೆ ಅದು ನಿಮ್ಮ ಮೂಗಿನ ತಪ್ಪು. ಅಲ್ಲಿ ಹಾಗಲ್ಲ. ನೀವು ಇನ್ನೂ ದೂರದಲ್ಲಿರುವಾಗಲೇ ಯಾರೋ ಬಾಗಿಲು ತೆರೆದು ಹಿಡಿದು ನಗುತ್ತ ನಿಂತಿರುತ್ತಾರೆ. ಅವರ ಉಪಕಾರ ದಂಡವಾಗಬಾರದೆಂದು ನೀವು ಓಡಬೇಕು. ಬರ್ಫದ ಮೇಲೆ.

ಮೊದಲ ವಾರವೇ ಕಾರ್ಖಾನೆಯ ಬಾಗಿಲನ್ನು ಒಬ್ಬ ಹೆಣ್ಣುಮಗಳು ಹಾಗೆ ಹಿಡಿದಿದ್ದಳು. ನಾನು ಓಡಿದೆ, ಜಾರಿದೆ, ಅವಳ ಕಾಲ ಬುಡಕ್ಕೆ ಬಂದು ನಿಂತೆ. ನಿಂತೆ ಎನ್ನುವುದು ಗೌರವದ ಮಾತು. ಅವಳು ಬಾಗಿಲು ಬಿಡದೆಯೇ ಇನ್ನೊಂದು ಕೈ ಕೊಟ್ಟು ಎಬ್ಬಿಸಿದಳು. ಹೆಸರು ಡೋನಾ. ತಯಾರಾದ ಭಾಗಗಳನ್ನು ತಪಾಸಣೆ ಮಾಡುವವಳು, ನನ್ನ ಯಂತ್ರದ ಪಕ್ಕದ ಮೇಜಿನವಳು, ನನಗಿಂತ ಒಂದಿಷ್ಟು ಹಿರಿಯಳು.

“ಬೀಳುವುದನ್ನು ಕಲಿಯಬೇಕು ನೀವು,” ಅಂದಳು.

“ನನ್ನ ಮಗಳಿಗೆ ಬರುತ್ತದೆ. ಸ್ಕೇಟಿಂಗ್ ಮಾಡುತ್ತಾಳೆ.”

ಡೋನಾಳ ಮುಖದಲ್ಲಿ ಆದ ಬದಲಾವಣೆ ನನಗೆ ಈಗಲೂ ಸ್ಪಷ್ಟವಾಗಿ ಕಾಣುತ್ತದೆ. ಅಷ್ಟು ಸ್ಪಷ್ಟವಾಗಿ ಕಾಣುವುದರಿಂದಲೇ ಅನುಮಾನ. ಏನೇ ಇರಲಿ, ಅವಳು ಬಾಗಿಲು ಹಾಗೇ ಹಿಡಿದು ಪ್ರಶ್ನೆ ಕೇಳತೊಡಗಿದಳು. ವಯಸ್ಸೆಷ್ಟು? ಎಷ್ಟು ವರ್ಷದಿಂದ? ಶನಿವಾರ ಪುರುಸೊತ್ತೇ? ಒಳಗಿನಿಂದ ಯಾರೋ “ಬಾಗಿಲು ಹಾಕ್ರೋ, ಸಾಯ್ತೀವಿ” ಎಂಬ ಅರ್ಥದಲ್ಲಿ ಕೂಗಿದರು. ಅವಳಿಗೆ ಕೇಳಿಸಲಿಲ್ಲ.

ಡೋನಾ ಕೆಲಸದ ಹೊರತಾಗಿ ಊರಿನ ಹುಡುಗಿಯರ ಹಾಕಿ ತಂಡ ನೋಡಿಕೊಳ್ಳುತ್ತಿದ್ದಳು. ಹುಡುಗರಿಗೆ ವಯಸ್ಸಿಗೊಂದು ತಂಡವಿತ್ತು. ಹುಡುಗಿಯರಿಗೆಲ್ಲ ಸೇರಿ ಇದೊಂದೇ. ಆ ವರ್ಷ ಅದೂ ಸೋರುತ್ತಿತ್ತು. ಚೆನ್ನಾಗಿ ಆಡುವ ಒಬ್ಬಳನ್ನು ಹುಡುಗರ ತಂಡದವರು ಎಳೆದುಕೊಂಡಿದ್ದರು. ಒಬ್ಬಳು ವಾಲಿಬಾಲಿಗೆ ಹೋದಳು. ಒಬ್ಬಳ ಮನೆಯವರು ಊರು ಬಿಟ್ಟರು. ಆಟ ಶುರುವಾಗಬೇಕಾದರೆ ಗೋಲು ಕಾಯುವ ‘ಗೋಲಿ’ಯೂ ಸೇರಿ ಆರು ಜನ ಬೇಕು. ಹೊರಗಿನ ಒಂದು ಪಂದ್ಯಕ್ಕೆ ಐವರೇ ಹೋಗಿ ಆಡದೆ ವಾಪಸಾಗಿದ್ದರು.

“ಇನ್ನೊಂದು ಸಲ ಹಾಗಾದರೆ ತಂಡ ಮುಚ್ಚುತ್ತಾರೆ,” ಅಂದಳು ಡೋನಾ. “ನಮ್ಮ ಹೊತ್ತು ಹುಡುಗರಿಗೆ ಹೋಗುತ್ತದೆ. ಒಮ್ಮೆ ಹೋದ ಹೊತ್ತು ಯಾರೂ ವಾಪಸು ಕೊಡುವುದಿಲ್ಲ.”

ಬರ್ಫದ ಮೇಲೆ ಸಿಗುವ ವಾರದ ಒಂದು ಗಂಟೆಗೆ ಅವರು ‘ಹೊತ್ತು’ ಎನ್ನುತ್ತಿದ್ದರು. ನಮ್ಮ ಕಡೆ ನಳದ ನೀರಿನ ಪಾಳಿಗೆ ಎಷ್ಟು ಮಹತ್ವವೋ ಅಲ್ಲಿ ಅದಕ್ಕೆ ಅಷ್ಟು.

ನಾನು ಹೂಂ ಅಂದೆ. ಸ್ಕೇಟಿಂಗ್ ಅಂದರೆ ನನಗೆ ಗಾಲಿ, ಅವಳಿಗೆ ಬರ್ಫ. ಇಬ್ಬರಿಗೂ ಇನ್ನೊಂದು ಬಗೆ ಇದೆ ಎಂಬುದೇ ಆ ಬಾಗಿಲಲ್ಲಿ ಹೊಳೆಯಲಿಲ್ಲ.

ಶನಿವಾರ, ನಸುಕು

ಹುಡುಗಿಯರ ಹೊತ್ತು ಶನಿವಾರ ಸೂರ್ಯ ಹುಟ್ಟುವ ಮೊದಲು. ಪುಣೆಯಲ್ಲಿ ಕಾದ ಸಿಮೆಂಟು, ಇಲ್ಲಿ ಕತ್ತಲೆಯ ಚಳಿ. ಯಾರಿಗೂ ಬೇಡವಾದ ಹೊತ್ತು ಎಲ್ಲಾ ದೇಶದಲ್ಲೂ ಹುಡುಗಿಯರದೇ ಎಂದು ಬರೆಯುವ ಆಸೆಯಾಗುತ್ತದೆ. ಎರಡು ಊರು ನೋಡಿ ಎಲ್ಲಾ ದೇಶ ಎನ್ನುವುದು ಪ್ರವಾಸಿಗರ ರೋಗ, ಬಿಡುತ್ತೇನೆ.

ಬಟ್ಟೆ ಬದಲಿಸಲು ಅವರಿಗೆ ಕೊಟ್ಟಿದ್ದು ಒಂದು ಸಾಮಾನಿನ ಕೋಣೆ. ಬಕೆಟ್ಟು, ಉದ್ದ ಕೋಲಿನ ಕಸಬರಿಗೆ, ಮುರಿದ ಕುರ್ಚಿಗಳ ನಡುವೆ ಹುಡುಗಿಯರು ಮೊಣಕಾಲಿಗೆ, ಎದೆಗೆ, ಭುಜಕ್ಕೆ ಮೆತ್ತೆಗಳನ್ನು ಕಟ್ಟಿಕೊಳ್ಳುತ್ತಿದ್ದರು. ಸುನಂದಾ ಒಳಗೆ ಇಣುಕಿ, ಹೊರಗೆ ಬಂದು ನನಗೆ ಹೇಳಿದಳು, “ಅಲ್ರೀ, ಇಷ್ಟು ದೊಡ್ಡ ಶೆಡ್ಡಿನಾಗ ಹೆಣ್ಣುಹುಡುಗ್ಯಾರಿಗೆ ಒಂದು ಖೋಲಿ ಇಲ್ಲಂತ? ಗೂಟ ಸುದ್ದಾ ಇಲ್ಲ ಅರಿವಿ ಹಾಕಲಿಕ್ಕೆ.”

ತಂಡದ ಗೋಲಿ ಕೆಲ್ಸಿ ಎಂಬ ಉದ್ದನೆಯ ಹುಡುಗಿ. ತನ್ನ ಅಕ್ಕನ ಹಳೆಯ ಬೂಟು ತಂದು ಪಲ್ಲವಿಗೆ ಕೊಟ್ಟಳು. ಕರಿ ಬೂಟು, ಅಡಿಯಲ್ಲಿ ಚಾಕುವಿನಂಥ ಅಲಗು. ಪಲ್ಲವಿ ಅದನ್ನು ತಿರುವಿ ಮುರುವಿ ನೋಡಿ, ಸುಮ್ಮನೆ ಕಟ್ಟಿಕೊಂಡಳು. ಇಂಥದ್ದು ಹಾಕಿ ಗೊತ್ತಿಲ್ಲ ಎಂದು ಆಗಲೇ ಹೇಳಬಹುದಿತ್ತಲ್ಲ ಎಂದು ನಾನು ಆಮೇಲೆ ಕೇಳಿದ್ದಕ್ಕೆ, “ಎಲ್ಲಾರೂ ಅಷ್ಟು ಖುಷಿಯಾಗಿ ನೋಡ್ಲಿಕತ್ತಿದ್ರು ಪಪ್ಪಾ,” ಅಂದಳು.

ಅಂಗಳಕ್ಕಿಳಿದಳು. ನಮ್ಮ ಪುಣೆಯ ಸರ್ ಕಲಿಸಿದಂತೆ “ಗುಡಘೇ ವಾಕವ, ಗುಡಘೇ ವಾಕವ” ಎಂದು ತನಗೆ ತಾನೇ ಮರಾಠಿಯಲ್ಲಿ ಹೇಳಿಕೊಳ್ಳುತ್ತ, ಮೊಣಕಾಲು ಬಗ್ಗಿಸಿ, ತಳ್ಳಿದಳು. ಹೋದಳು. ಚೆನ್ನಾಗಿಯೇ ಹೋದಳು. ಡೋನಾ ನನ್ನ ಕಡೆ ನೋಡಿ ತಲೆಯಾಡಿಸಿದಳು. ಆ ಕಡೆ ಗೋಡೆ ಹತ್ತಿರ ಬಂದಾಗ ಪಲ್ಲವಿ ಆರು ವರ್ಷದ ಅಭ್ಯಾಸದಂತೆ ಒಂದು ಕಾಲಿನ ತುದಿ ಊರಿದಳು. ಗಾಲಿಬೂಟಿನ ಮೂತಿಗೆ ರಬ್ಬರಿನ ಬ್ರೇಕು ಇರುತ್ತದೆ. ಈ ಬೂಟಿಗೆ ಮೂತಿಯೇ ಇರಲಿಲ್ಲ. ಗೋಡೆಗೆ ಬಡಿದ ಸದ್ದು ಇಡೀ ಶೆಡ್ಡಿನಲ್ಲಿ ತಿರುಗಿ ಬಂತು.

ಹೆಲ್ಮೆಟಿನ ಒಳಗಿನಿಂದ ತಾಯಿಯನ್ನು ಕರೆಯುವ ಅವಳ ಧ್ವನಿ ಕೇಳಿತು. “ಆಯಿ, ಇದಕ್ಕ ಬ್ರೇಕ್ ಇಲ್ಲಾ.”

“ಏನಂದಳು?” ಎಂದಳು ಡೋನಾ.

ಅನುವಾದ ಮಾಡಿದೆ. ಯಾವ ಬ್ರೇಕು ಎಂದಳು. ಗಾಲಿಯ ಬ್ರೇಕು ಎಂದೆ. ಯಾವ ಗಾಲಿ ಎಂದಳು. ಆಗ ನನಗೆ ಮೊದಲ ಸಲ ಆ ದೇಶದ ಚಳಿ ಸರಿಯಾಗಿ ತಾಗಿತು. ಅವರು ಕಾಯುತ್ತಿದ್ದ ಆರನೆಯವಳು ಜೀವನದಲ್ಲಿ ಬರ್ಫ ನೋಡಿದ್ದು ಪುಣೆಯ ರಸವಂತಿ ಅಂಗಡಿಯ ಕಬ್ಬಿನ ಹಾಲಿನಲ್ಲಿ.

ಅಷ್ಟರಲ್ಲಿ ಪಲ್ಲವಿ ಎದ್ದಿದ್ದಳು. ಮತ್ತೆ ಹೋದಳು, ಮತ್ತೆ ಬಿದ್ದಳು, ಮತ್ತೆ ಎದ್ದಳು. ಮುಖದಲ್ಲಿ ಒಂದು ಬೆರಗು. ನಮ್ಮ ಹತ್ತಿರ ತೆವಳಿ ಬಂದು ಕೈಗವಸು ತೆಗೆದು ಮೊಣಕಾಲು ಮುಟ್ಟಿಕೊಂಡಳು.

“ಪಪ್ಪಾ, ಇಲ್ಲಿ ಬಿದ್ರ ಸಿಪ್ಪಿ ಸುಲಿಯೂದಿಲ್ಲ.”

ಸಿಮೆಂಟಿನ ಮೇಲೆ ಆರು ವರ್ಷ ಬಿದ್ದವಳಿಗೆ ಬರ್ಫ ಹಾಸಿಗೆಯಾಗಿ ಕಂಡಿತು. ಬೇರೆ ಹುಡುಗಿಯರಿಗೆ ಇದ್ದ ಬೀಳುವ ಹೆದರಿಕೆ ಇವಳಿಗಿರಲಿಲ್ಲ. ನಿಲ್ಲಲು ಬಾರದಿದ್ದರೆ ಎದುರಿನವರ ಮೇಲೆ ಬಿದ್ದು ನಿಲ್ಲುತ್ತಿದ್ದಳು. ಕೆಲ್ಸಿ ಗೋಲಿನಿಂದ ಕೂಗಿ ಹೇಳಿದಳು, “ಡೋನಾ, ಇವಳು ನಮ್ಮೆಲ್ಲರಿಗಿಂತ ಬೇಗ ಏಳುತ್ತಾಳೆ.”

ಡೋನಾ ನಿಧಾನ ನಕ್ಕಳು. “ನನಗೆ ಬೇಕಾದದ್ದು ಆರನೆಯವಳು,” ಅಂದಳು. “ನಿಲ್ಲುವುದನ್ನು ಕಲಿಸೋಣ.”

ಕಲಿಸಿದಳು. ಪ್ರತಿ ಶನಿವಾರ ನಮ್ಮ ಮನೆ ಮುಂದೆ ಅವಳ ಹಳೆಯ ವ್ಯಾನು ಬಂದು ನಿಲ್ಲುತ್ತಿತ್ತು. ಹಾರ್ನ್ ಹೊಡೆಯುತ್ತಿರಲಿಲ್ಲ. ಆ ಊರಿನಲ್ಲಿ ಹಾರ್ನ್ ಹೊಡೆಯುವುದೆಂದರೆ ಬಯ್ಯುವುದು. ದೀಪ ಒಮ್ಮೆ ಆರಿಸಿ ಹಚ್ಚುತ್ತಿದ್ದಳು. ನಾನು ಪುಣೆಯಲ್ಲಿ ಕಳೆದ ವರ್ಷಗಳನ್ನೆಲ್ಲ ನೆನೆದು ಆ ದೀಪಕ್ಕೆ ಕೈ ಮುಗಿದಿದ್ದೇನೆ.

ಮೇಜಿನ ಪಕ್ಕ

ಒಂದು ದಿನ ಕಾರ್ಖಾನೆಯಲ್ಲಿ ಊಟದ ಹೊತ್ತಿಗೆ ಕೇಳಿದೆ, ನೀವೂ ಸಣ್ಣವರಿದ್ದಾಗ ಆಡಿದ್ದಿರೇನು ಎಂದು.

“ಇಲ್ಲ. ನನಗೆ ಬಿಳಿ ಬೂಟು ಕೊಡಿಸಿದ್ದರು.”

ನನಗೆ ಅರ್ಥವಾಗಲಿಲ್ಲ. ಅವಳ ಕಾಲದಲ್ಲಿ ಹುಡುಗಿಯರಿಗೆ ಬಿಳಿ ಬೂಟು, ಹುಡುಗರಿಗೆ ಕರಿ ಬೂಟು. ಬಿಳಿಯದು ಬರ್ಫದ ಮೇಲೆ ಕುಣಿಯುವುದಕ್ಕೆ, ಕರಿಯದು ಹಾಕಿಗೆ. ಅವಳು ಶೂ ಪಾಲಿಶ್ ತಂದು ಬಿಳಿ ಬೂಟಿಗೆ ಕರಿ ಬಳಿದುಕೊಂಡು ಅಣ್ಣಂದಿರ ಜೊತೆ ಇಳಿದಿದ್ದಳಂತೆ. ಬರ್ಫವೆಲ್ಲ ಕರಿ ಗೀರು. ಮನೆಗೆ ಕಳಿಸಿದರು.

“ಬಯ್ದರಾ?”

“ಇಲ್ಲ, ನಕ್ಕರು. ಬಯ್ದಿದ್ದರೆ ಮರೆಯುತ್ತಿದ್ದೆ.”

ಅಷ್ಟು ಹೇಳಿ ತನ್ನ ಡಬ್ಬಿಯಿಂದ ಸುನಂದಾ ಕಳಿಸಿದ ಶೇಂಗಾ ಚಟ್ನಿ ತೆಗೆದು ಬ್ರೆಡ್ಡಿಗೆ ಬೆಣ್ಣೆಯ ಹಾಗೆ ದಪ್ಪಗೆ ಹಚ್ಚಿದಳು. ಬೇಡವೆನ್ನುವಷ್ಟರಲ್ಲಿ ಕಚ್ಚಿಬಿಟ್ಟಿದ್ದಳು. ಕಣ್ಣಲ್ಲಿ ನೀರು ಬಂತು. ಬಿಳಿ ಬೂಟಿಗೋ ಚಟ್ನಿಗೋ, ನಾನು ಬಗೆಹರಿಸಿಲ್ಲ.

‘ರೀ’

ಪಲ್ಲವಿಯ ಇಂಗ್ಲಿಷು ಶಾಲೆಯ ಇಂಗ್ಲಿಷು. ಯೋಚಿಸಿ, ವ್ಯಾಕರಣ ನೋಡಿಕೊಂಡು ಆಡುವಂಥದು. ಬರ್ಫದ ಮೇಲೆ ಅಷ್ಟು ಪುರುಸೊತ್ತು ಎಲ್ಲಿ? ಚೆಂಡಿನ ಬದಲು ಅಲ್ಲಿ ಚಪ್ಪಟೆ ರಬ್ಬರಿನ ಬಿಲ್ಲೆ, ಪಕ್ ಅನ್ನುತ್ತಾರೆ. ಅದು ಕಣ್ಣಿಗೆ ಬೀಳುವಷ್ಟರಲ್ಲಿ ದಾಟಿ ಹೋಗಿರುತ್ತದೆ. ಒಂದು ಅಭ್ಯಾಸದಲ್ಲಿ ಅವಳು ಯಾರೂ ಇಲ್ಲದ ಕಡೆ ಖಾಲಿ ನಿಂತು, ಪಕ್ ತನಗೆ ಕಳಿಸಲಿ ಎಂದು ಗಾಬರಿಯಲ್ಲಿ ಬಾಯಿಗೆ ಬಂದದ್ದನ್ನು ಕೂಗಿದಳು.

“ಕೊಡ್ರೀ, ಕೊಡ್ರೀ.”

ಎಲ್ಲರೂ ಅವಳಿಗಿಂತ ದೊಡ್ಡವರು, ಪರಿಚಯ ಹೊಸದು. ಏಕವಚನ ಹೇಗೆ ಬಂದೀತು? ಸುನಂದಾ ಹಾಗೆ ಬೆಳೆಸಿರಲಿಲ್ಲ. ಕೆನಡಾದ ಹುಡುಗಿಯರಿಗೆ ‘ಕೊಡ್’ ಹತ್ತಲಿಲ್ಲ, ‘ರೀ’ ಹತ್ತಿತು. ಪಕ್ ಕಳಿಸಿದರು. ಪಲ್ಲವಿ ಅದನ್ನು ಗೋಲಿನ ಕಡೆ ತಳ್ಳಿ ತಾನೂ ಹಿಂದೆಯೇ ಗೋಲಿನೊಳಗೆ ಹೋದಳು. ಮುಂದಿನ ವಾರದಿಂದ ತಂಡವೆಲ್ಲ ‘ರೀ’ ಎನ್ನತೊಡಗಿತು. ಖಾಲಿ ಇದ್ದವಳು ಕೋಲು ಎತ್ತಿ ‘ರೀ’ ಎನ್ನಬೇಕು, ಪಕ್ ಹಿಡಿದವಳು ನೋಡದೆಯೇ ಆ ಕಡೆ ಕಳಿಸಬೇಕು. ಚಿಕ್ಕದು, ಗೋಡೆಗೆ ಬಡಿದು ತಿರುಗಿ ಬರುವಂಥದು, ಎದುರು ತಂಡಕ್ಕೆ ಅರ್ಥವಾಗದ್ದು. ಭಾರತದ ಹಾಕಿಯ ಪುರಾತನ ಪದ್ಧತಿ ಇದು ಎಂದು ಕೆಲ್ಸಿ ಯಾರಿಗೋ ಹೇಳಿದ್ದನ್ನು ಪಲ್ಲವಿ ಕೇಳಿಸಿಕೊಂಡು ಸುಮ್ಮನಿದ್ದಳು.

ಕಷ್ಟವಾದದ್ದು ನನಗೆ. ಮದುವೆಯಾದಾಗಿನಿಂದ ಆ ಒಂದಕ್ಷರಕ್ಕೆ ಹೊರಳಿ ನೋಡಿದ ಕತ್ತು ಇದು. ಅಡುಗೆಮನೆಯಿಂದ, ಬಚ್ಚಲಿನಿಂದ, ತುಳಸಿಬಾಗ್ ಪೇಟೆಯ ಗದ್ದಲದಲ್ಲಿ ನಾಲ್ಕು ಅಂಗಡಿಯ ಆಚೆಯಿಂದ ‘ರೀ’ ಎಂದರೆ ಸಾಕು, ಅದು ತಾನಾಗಿ ತಿರುಗುತ್ತದೆ. ಈಗ ಬರ್ಫದ ಮೇಲಿನ ಹುಡುಗಿಯರು ಮೂಲೆಮೂಲೆಯಿಂದ ‘ರೀ, ರೀ’ ಎನ್ನುತ್ತಿದ್ದರೆ ನಾನು ಬೆಂಚಿನ ಮೇಲೆ ಗಾಳಿಪಂಕದ ಹಾಗೆ ತಿರುಗುತ್ತಿದ್ದೆ. ಪಕ್ಕದಲ್ಲಿ ಸುನಂದಾ ಬಾಯಿಗೆ ಶಾಲು ಒತ್ತಿಕೊಂಡು ಕೂತಿರುತ್ತಿದ್ದಳು.

“ಹೋಗ್ರಿ, ಕರೀಲಿಕತ್ತಾರ ನಿಮ್ಮನ್ನ. ಒಬ್ಬಾಕಿ ಸಾಲಲಿಲ್ಲ ನಿಮಗ.”

ಹೊರ ಊರಿನ ಪಂದ್ಯ

ಕೊನೆಯ ಪಂದ್ಯ ಸರೋವರದ ಇನ್ನೊಂದು ಬದಿಯ ಊರಿನಲ್ಲಿತ್ತು. ಇದೊಂದು ದಾಟಿದರೆ ಆ ವರ್ಷದ ಲೆಕ್ಕ ಮುಗಿದು, ಮುಂದಿನ ಚಳಿಗಾಲಕ್ಕೆ ಹುಡುಗಿಯರ ಹೊತ್ತು ಉಳಿಯುತ್ತಿತ್ತು. ಅದರ ಮುಂದಿನ ವಾರ ನಮ್ಮ ವಿಮಾನ. ಬೆಳಿಗ್ಗೆ ಹೊರಡುವಾಗ ಹಿಮ ಬೀಳುತ್ತಿತ್ತು, ನಡುವೆ ಸೇರಿದ್ದ ಏಳನೆಯ ಹುಡುಗಿಗೆ ಜ್ವರ ಬಂದಿತ್ತು. ವ್ಯಾನಿನ ಮುಂದೆ ನಿಂತು ಡೋನಾ ತಲೆಗಳನ್ನು ನೋಡಿದಳು. ಸರಿಯಾಗಿ ಆರು.

“ಯಾರೂ ಕೆಮ್ಮಬೇಡಿ,” ಅಂದಳು.

ಹೊರಡುವ ಮೊದಲು ಸುನಂದಾ ಪಲ್ಲವಿಯ ಹಣೆಗೆ ಕುಂಕುಮ ಹಚ್ಚಿದಳು. ದೊಡ್ಡ ಕೆಲಸಕ್ಕೆ ಹೊರಟಾಗ ಹಚ್ಚುವುದು ನಮ್ಮ ಮನೆಯ ಪದ್ಧತಿ. ನಾನು ಹೊಸ ಯಂತ್ರ ಚಾಲೂ ಮಾಡಿದ ದಿನ ಅದಕ್ಕೂ ಹಚ್ಚಿಸಿದ್ದಳು. ಕೆನಡಾದವರು ಅದನ್ನು ಒರೆಸದೆ ಹಾಗೇ ಬಿಟ್ಟಿದ್ದರು. ಧಾರಾಳವಾಗಿ ಹಚ್ಚಿದಳು, ಹೆಲ್ಮೆಟಿನ ಕೆಳಗೆ ಯಾರಿಗೆ ಕಾಣುತ್ತದೆ ಎಂದು.

ದಾರಿಯುದ್ದ ಬಿಳಿ. ನಮ್ಮ ಕಾರಿನ ಮುಂದಿದ್ದ ಡೋನಾಳ ವ್ಯಾನಿನ ಕೆಂಪು ದೀಪ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಡೋನಾ ಒಮ್ಮೆಯೂ ಅವಸರ ಮಾಡಲಿಲ್ಲ, ಒಮ್ಮೆಯೂ ನಿಲ್ಲಲಿಲ್ಲ. ಖಂಡಾಳಾ ಘಾಟಿನ ಮಳೆಗಾಲದಲ್ಲಿ ಟ್ರಕ್ಕಿನ ಹಿಂದೆ ಹೋಗುವಂತೆ ಅವಳ ಹಿಂದೆ ಹೋದೆವು. ಮುಟ್ಟಿದೆವು.

ಪಂದ್ಯಕ್ಕೆ ಮೊದಲು ಎರಡೂ ತಂಡದವರು ಮೈ ಬಿಸಿ ಮಾಡಿಕೊಳ್ಳಲು ಸುತ್ತು ಹೊಡೆಯುತ್ತಾರೆ. ಪಲ್ಲವಿ ಬೆವರಿದಳು. ಬೆವರಿಗೆ ಕುಂಕುಮ ಇಳಿಯಿತು. ಮೂಗಿನ ಗುಂಟ ಬಂದು ತುಟಿಗೆ, ತುಟಿಯಿಂದ ಗದ್ದಕ್ಕೆ, ಗದ್ದದಿಂದ ಬಿಳಿ ಬರ್ಫದ ಮೇಲೆ. ಬಿಳಿಯ ಮೇಲೆ ಅಷ್ಟು ಕೆಂಪು ನಾನು ಜೀವನದಲ್ಲಿ ನೋಡಿಲ್ಲ. ಪಂದ್ಯದ ತೀರ್ಪು ಕೊಡುವ ಪಂಚಗಿತ್ತಿ, ಆಗಷ್ಟೇ ಕಾಲೇಜು ಸೇರಿದಂತಿದ್ದ ಹುಡುಗಿ, ಸೀಟಿ ಊದಿದಳು. ನಿಯಮ ಸರಳ. ರಕ್ತ ಬಂದವರು ಹೊರಗೆ ಹೋಗಬೇಕು, ಗಾಯ ಮುಚ್ಚುವ ತನಕ ಒಳಗಿಲ್ಲ. ಪಲ್ಲವಿ ಹೊರಗಾದರೆ ನಾವು ಐವರು. ಐವರೆಂದರೆ ಪಂದ್ಯವಿಲ್ಲ, ಪಂದ್ಯವಿಲ್ಲದಿದ್ದರೆ ತಂಡವಿಲ್ಲ.

ಡೋನಾಳ ಮುಖ ಬಿಳಿಚಿತು. ಅವಳೂ ರಕ್ತವೆಂದೇ ತಿಳಿದಿದ್ದಳು.

ನಾನು ಏಳುವಷ್ಟರಲ್ಲಿ ಸುನಂದಾ ಎದ್ದಿದ್ದಳು. ಸೀರೆಯ ಮೇಲೆ ದಪ್ಪ ಕೋಟು, ಕಾಲಿಗೆ ನನ್ನ ಬೂಟು. ಅಂಗಳದ ಬಾಗಿಲಿಗೆ ಹೋಗಿ ಪಂಚಗಿತ್ತಿಯನ್ನು ಕೈ ಮಾಡಿ ಕರೆದಳು. ಅವಳ ಇಂಗ್ಲಿಷು ಮಾರ್ಕೆಟ್ಟಿನ ಇಂಗ್ಲಿಷು, ಬೇಕಾದಷ್ಟೇ ಶಬ್ದ.

“ನೋ ಬ್ಲಡ್,” ಅಂದಳು. ತನ್ನ ಹಣೆ ತೋರಿಸಿದಳು. “ಗಾಡ್.”

ಪಂಚಗಿತ್ತಿ ಅವಳ ಹಣೆ ನೋಡಿದಳು, ಪಲ್ಲವಿಯ ಮುಖ ನೋಡಿದಳು. “ಗಾಡ್?”

“ಹೌದ್ರಿ.”

ಸುನಂದಾ ಚೀಲದಿಂದ ಬೆಳ್ಳಿ ಭರಣಿ ತೆಗೆದು ಮುಚ್ಚಳ ಬಿಚ್ಚಿ ಹಿಡಿದಳು. ಮಗಳ ಹೆಲ್ಮೆಟ್ ತೆಗೆಸಿ ಸೆರಗಿನಿಂದ ಮುಖ ಒರೆಸಿದಳು. ತಿಕ್ಕಿದಳು ಎನ್ನಬೇಕು, ಪಲ್ಲವಿ ಈಗಲೂ ಆ ತಿಕ್ಕಾಟದ ಬಗ್ಗೆ ದೂರುತ್ತಾಳೆ. ಹಣೆಯ ಮೇಲೆ ತಿಳಿಗೆಂಪಷ್ಟೇ ಉಳಿಯಿತು. ಪಂಚಗಿತ್ತಿ ಕೈಗವಸು ಕಳಚಿ ಹೆಬ್ಬೆರಳಿನಿಂದ ಆ ಹಣೆಯನ್ನು ಮೆಲ್ಲಗೆ ಒತ್ತಿ ನೋಡಿದಳು. ಗಾಯವಿಲ್ಲ. ಬೆರಳಿಗೆ ಹತ್ತಿದ ಕೆಂಪನ್ನು ಮೂಸಿ ನೋಡಿದಳು.

“ಆಡು,” ಅಂದಳು.

ಈ ಭಾಗವನ್ನು ನಾನು ಎಷ್ಟು ಸಲ ಹೇಳಿದ್ದೇನೆಂದರೆ ಇದರ ಅಂಚುಗಳೆಲ್ಲ ನುಣುಪಾಗಿವೆ. ಸುನಂದಾ ಪ್ರಕಾರ ಅವಳು ‘ಗಾಡ್’ ಅನ್ನಲೇ ಇಲ್ಲ, ‘ಪೌಡರ್’ ಅಂದಳು. ಪಲ್ಲವಿ ಪ್ರಕಾರ ಭರಣಿ ಮನೆಯಲ್ಲೇ ಇತ್ತು, ತೋರಿಸಿದ್ದು ಆಯಿಯ ಹಣೆಯನ್ನಷ್ಟೇ. ಮೂವರೂ ಒಪ್ಪುವುದು ಎರಡು ಮಾತು. ಆ ಹುಡುಗಿ ಬೆರಳು ಮೂಸಿ ನೋಡಿದಳು. ಪಂದ್ಯ ನಡೆಯಿತು.

ಸೋತೆವು. ಎಷ್ಟಕ್ಕೆ ಸೋತೆವೆಂದು ಬರೆಯುವ ಅಗತ್ಯವಿಲ್ಲ, ಬದಲಿ ಆಟಗಾರ್ತಿಯರು ಯಾರೂ ಇಲ್ಲದೆ ಆಡುವುದೆಂದರೆ ಉಸಿರು ಇಲ್ಲದೆ ಆಡುವುದು. ಕೊನೆಕೊನೆಗೆ ‘ರೀ’ ಎನ್ನಲೂ ಅವರಿಗೆ ತ್ರಾಣವಿರಲಿಲ್ಲ, ತುಟಿ ಮಾತ್ರ ಅಲುಗುತ್ತಿತ್ತು. ಆದರೆ ಆರೂ ಜನ ಕೊನೆಯ ಸೀಟಿಯ ತನಕ ಬರ್ಫದ ಮೇಲಿದ್ದರು.

ಮುಗಿದ ಮೇಲೆ ಹುಡುಗಿಯರು ಪಲ್ಲವಿಯ ಸುತ್ತ ನಿಂತು ತಮ್ಮ ಕೋಲುಗಳಿಂದ ಬರ್ಫಕ್ಕೆ ತಟ್ಟತೊಡಗಿದರು. ಟಕ್ ಟಕ್ ಟಕ್. ಯಾಕೆ ಸಿಟ್ಟು ಎಂದು ನಾನು ಗಾಬರಿಯಾದೆ. ಅದು ಅವರ ಚಪ್ಪಾಳೆ ಎಂದು ಡೋನಾ ಹೇಳಿದಳು. ಆಮೇಲೆ ಅವಳು ಸುನಂದಾಳ ಹತ್ತಿರ ಬಂದು ತನ್ನ ಹಣೆ ಮುಂದೆ ಮಾಡಿದಳು. ಸುನಂದಾ ಹಚ್ಚಿದಳು. ಆ ಕುಂಕುಮ ಭರಣಿಯದೋ ತನ್ನ ಹಣೆಯಿಂದ ತೆಗೆದದ್ದೋ, ಮೂವರಲ್ಲಿ ಜಗಳವಿದೆ.

ಚಿಂಚವಾಡ, ಬಂದ ಮೇಲೆ

ಮರಳಿದ ಮೊದಲ ವಾರ ಸ್ಕೇಟಿಂಗ್ ಅಂಗಳದಲ್ಲಿ ಯಾರದೋ ಸತ್ಕಾರದ ಮಂಟಪ. ಹುಡುಗಿಯರ ಬ್ಯಾಚು ರದ್ದು. ಎಂದಿನಂತೆ ನಾನು ಸ್ಕೂಟರ್ ತಿರುಗಿಸಿದೆ. ಪಲ್ಲವಿ ಇಳಿದು ಹೋಗಿ ಸರ್ ಮುಂದೆ ನಿಂತಳು.

“ಸರ್, ಸಹಾ ಮುಲೀ ಝಾಲ್ಯಾ ತರ ಟೀಮ್ ಹೋಯೀಲ ಕಾ?”

ಆರು ಹುಡುಗಿಯರಾದರೆ ತಂಡವಾಗುತ್ತದೆಯೇ ಎಂದು ಕೇಳುತ್ತಿದ್ದಳು. ಸರ್ ನನ್ನ ಕಡೆ ನೋಡಿದರು. ನಾನು ಸ್ಕೂಟರ್ ಬಂದ್ ಮಾಡಿದೆ. ಆ ತಂಡ ಎರಡು ವರ್ಷ ನಡೆಯಿತು, ಆಮೇಲೆ ಹತ್ತನೆಯ ಇಯತ್ತೆಯ ಪರೀಕ್ಷೆ ಬಂದು ಎಲ್ಲರನ್ನೂ ನುಂಗಿತು. ಆದರೆ ಆ ಎರಡು ವರ್ಷ ಅವರಿಗೆ ಸಂಜೆಯ ತಂಪು ಸಿಕ್ಕಿತ್ತು.

ಸರೋವರದ ದಂಡೆ, ಮತ್ತೊಮ್ಮೆ

ಕೆಲವು ವರ್ಷಗಳ ಮೇಲೆ ಕಾರ್ಖಾನೆಯವರು ಇನ್ನೊಮ್ಮೆ ಕಳಿಸಿದರು, ಈ ಸಲ ಒಬ್ಬನನ್ನೇ. ಡೋನಾ ಕೆಲಸ ಬಿಟ್ಟು ದೇಶದ ಇನ್ನೊಂದು ತುದಿಯಲ್ಲಿದ್ದ ತಂಗಿಯ ಊರಿಗೆ ಹೋಗಿದ್ದಳು. ಕೆಲ್ಸಿಯೂ ಇರಲಿಲ್ಲ. ನನ್ನ ಹಳೆಯ ಯಂತ್ರವನ್ನೂ ಯಾರೋ ಕೊಂಡೊಯ್ದಿದ್ದರು. ಶನಿವಾರ ನಸುಕಿಗೆ ಎಚ್ಚರವಾಯಿತು. ಎದ್ದು ಆ ತಗಡಿನ ಶೆಡ್ಡಿಗೆ ನಡೆದುಕೊಂಡು ಹೋದೆ. ಒಳಗೆ ದೀಪವಿತ್ತು. ಯಾರೋ ದೂರದಿಂದಲೇ ಬಾಗಿಲು ಹಿಡಿದರು. ಓಡಲಿಲ್ಲ. ಈಗ ಬುದ್ಧಿ ಬಂದಿದೆ.

ಬರ್ಫದ ಮೇಲೆ ಹುಡುಗಿಯರಿದ್ದರು. ಸಣ್ಣವರು, ಒಬ್ಬಳ ಗುರುತೂ ಇಲ್ಲ. ಆರಕ್ಕಿಂತ ಬಹಳ ಹೆಚ್ಚು. ಸಾಮಾನಿನ ಕೋಣೆಯ ಬಾಗಿಲು ತೆರೆದಿತ್ತು. ಬಕೆಟ್ಟುಗಳಿರಲಿಲ್ಲ, ಗೋಡೆಗೆ ಸಾಲಾಗಿ ಗೂಟ ಹೊಡೆದಿದ್ದರು. ನಾನು ಹಳೆಯ ಬೆಂಚಿನ ಮೇಲೆ ಕೂತೆ. ಪಕ್ಕದಲ್ಲಿ ಒಬ್ಬ ತಾಯಿ ಕಾಫಿ ಹಿಡಿದುಕೊಂಡು ಕೂತಿದ್ದಳು.

ಅಂಗಳದ ಆ ಮೂಲೆಯಿಂದ ಒಂದು ಹುಡುಗಿ ಕೋಲೆತ್ತಿ ಕೂಗಿತು. ನನ್ನ ಕತ್ತು ಹೊರಳಿತು. ಅಂಗಳದ ಕಡೆಗಲ್ಲ, ಪಕ್ಕಕ್ಕೆ, ಸುನಂದಾ ಕೂಡುತ್ತಿದ್ದ ಜಾಗಕ್ಕೆ.

“ಏನದು ಅವರು ಕೂಗುವುದು?” ಎಂದು ಆ ತಾಯಿಯನ್ನು ಕೇಳಿದೆ.

“ಅದಾ? ‘ರೆಡಿ’ ಅಂತ. ಚಿಕ್ಕದು ಮಾಡಿಕೊಂಡಿದ್ದಾರೆ. ಈ ತಂಡದವರು ಮೊದಲಿನಿಂದಲೂ ಹಾಗೇ.”

ನಾನು ತಿದ್ದಲಿಲ್ಲ. ಅವಳು ಹೇಳಿದ್ದೇ ಸರಿಯಿರಬಹುದು. ಆ ಶೆಡ್ಡಿನಲ್ಲಿ ಸದ್ದು ಗೋಡೆಗೆ ಬಡಿದು ಬರುತ್ತದೆ, ನನ್ನ ಕಿವಿಗೆ ವಯಸ್ಸಾಗಿದೆ, ಕೇಳಬೇಕೆಂದಿದ್ದವನು ಏನನ್ನೂ ಕೇಳಿಸಿಕೊಳ್ಳುತ್ತಾನೆ. ಇನ್ನೊಮ್ಮೆ ಕೂಗಿದರು, ಗಮನವಿಟ್ಟು ಕೇಳಿದೆ. ಗಮನವಿಟ್ಟ ಮೇಲೆ ಇನ್ನಷ್ಟು ಗೊಂದಲವಾಯಿತು.

ಹೊರಗೆ ಬಂದು ಚಿಂಚವಾಡಕ್ಕೆ ಫೋನು ಹಚ್ಚಿದೆ. ಅಲ್ಲಿ ಸಂಜೆ, ಕುಕ್ಕರಿನ ಸೀಟಿ ಕೇಳುತ್ತಿತ್ತು. ಎಲ್ಲಾ ಹೇಳಿದೆ. ಹುಡುಗಿಯರ ಹೊತ್ತು ಉಳಿದದ್ದು, ಗೂಟ ಬಂದದ್ದು, ‘ರೆಡಿ’ ಎಂದು ಆ ತಾಯಿ ಅಂದದ್ದು.

“ನನಗೂ ಖಾತ್ರಿ ಇಲ್ಲ,” ಅಂದೆ. “ರೆಡಿನೂ ಇದ್ದೀತು.”

“ನೀವು ಹೊರಳಿ ನೋಡಿದ್ರೋ ಇಲ್ಲೋ?”

“ನೋಡಿದೆ.”

“ಮತ್ತ? ಇಷ್ಟು ವರ್ಷ ‘ರೆಡಿ ಆಗ್ರಿ, ರೆಡಿ ಆಗ್ರಿ’ ಅಂತ ಬಡಕೊಂಡೀನಿ, ಒಮ್ಮೆಯರ ಹೊರಳಿ ನೋಡೀರೇನು?” ಅಂದಳು ಸುನಂದಾ. “ನೀವು ಹೊರಳಿ ನೋಡಿದ್ರಿ ಅಂದ್ರ ಆ ಹುಡುಗ್ಯಾರು ‘ರೀ’ ಅಂತನ ಅಂದಾರ.”